ಬಿಳಿ ಗೆರೆ

ಶ್ರೀರಂಗಪಟ್ಟಣದ ಹೊರಗೆ, ಹೊಳೆಯ ದಂಡೆಯಲ್ಲಿ ದಸ್ತಗೀರರ ಗ್ಯಾರೇಜು. ಒಂದು ಕಾಲಕ್ಕೆ ರ‍್ಯಾಲಿಗಳಲ್ಲಿ ಕಾರು ಓಡಿಸಿ ಧೂಳೆಬ್ಬಿಸಿದವರು. ಈಗ ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಾರೆ.

ನಾಗವೇಣಿ ಒಂದು ಹಳೆಯ ಪುಟ್ಟ ಕಾರನ್ನು ಅವರ ಹತ್ತಿರ ತಂದಳು. ಅವಳ ಅಮ್ಮ ಅದರಲ್ಲಿ ತರಕಾರಿ ತರುತ್ತಿದ್ದರು.

"ಇದರಲ್ಲಿ ರೇಸ್ ಓಡಿಸ್ಬೇಕು ಉಸ್ತಾದ್. ನಂಗೆ ವೇಗ ಕಲಿಸಿ."

"ಮೊದ್ಲು ಸೀಟು ಬಿಚ್ಚು."

ಬಿಚ್ಚಿದಳು. ಸೀಟಿನಡಿಯಲ್ಲಿ ಒಣಗಿದ ಬೀನ್ಸ್ ಸಿಕ್ಕವು. ಒಳಗೆ, ಕಾರು ಮಗುಚಿದರೂ ಕಾಯುವ ಕಬ್ಬಿಣದ ಪಂಜರ ಕೂತಿತು, ಹೊಸ ಸ್ಪ್ರಿಂಗ್ ಬಂತು, ಬ್ರೇಕು ಬದಲಾಯಿತು. ಕೈಯ ಗ್ರೀಸು ಊಟದ ಹೊತ್ತಿಗೂ ಹೋಗುತ್ತಿರಲಿಲ್ಲ. ವೇಗದ ಮಾತೇ ಇಲ್ಲ.

"ವೇಗ ಯಾವಾಗ ಉಸ್ತಾದ್?"

ದಸ್ತಗೀರರು ಅವಳ ಕೈಗೆ ಬಿಳಿ ಬಣ್ಣದ ಡಬ್ಬಿ, ಒಂದು ಸಣ್ಣ ಬ್ರಷ್ಷು ಕೊಟ್ಟರು.

"ನಟ್ಟು ಬಿಗಿ ಮಾಡಿದ ಮೇಲೆ ಗೆರೆ ಎಳಿ. ಅರ್ಧ ನಟ್ಟಿನ ಮೇಲೆ, ಅರ್ಧ ಪಕ್ಕದ ಕಬ್ಬಿಣದ ಮೇಲೆ."

"ಯಾಕೆ?"

"ನಟ್ಟು ತಿರುಗಿದ್ರೆ ಗೆರೆ ಮುರಿಯುತ್ತೆ. ಪಾಪ, ನಟ್ಟಿಗೆ ಬಾಯಿ ಇಲ್ವಲ್ಲ."

ಅಂತೂ ಮೈಸೂರಿನ ಮೋಟಾರು ಕ್ಲಬ್ಬಿನವರ ರೇಸು ಬಂತು. ಮಣ್ಣಿನ ಬಯಲು, ಒಬ್ಬೊಬ್ಬರಿಗೆ ಎರಡು ಓಟ, ಚೆನ್ನಾಗಿ ಓಡಿದ್ದು ಲೆಕ್ಕಕ್ಕೆ. ಮೊದಲ ಆರು ಜನಕ್ಕೆ ಕ್ಲಬ್ಬಿನ ತಂಡದಲ್ಲಿ ಜಾಗ. ನಾಗವೇಣಿಗೆ ಆ ಜಾಗ ಬೇಕೇ ಬೇಕಿತ್ತು. ತರಕಾರಿ ಕಾರು ಎಂದು ನಕ್ಕವರ ಪಟ್ಟಿ ಅವಳಿಗೆ ಬಾಯಿಪಾಠವಾಗಿತ್ತು.

ಹಿಂದಿನ ದಿನ ಅಭ್ಯಾಸಕ್ಕೆ ಓಡಿಸಿ ಕಾರು ಕೆಸರಾಗಿತ್ತು. ರೇಸಿನ ಬೆಳಿಗ್ಗೆ ಬೇಗ ಎದ್ದು ಅದನ್ನು ತೊಳೆದು ಮದುಮಗಳ ಹಾಗೆ ಸಿಂಗರಿಸಿದಳು. ಕಾರಿನಡಿ ಗೆರೆಗಳೂ ಮಾಸಿದ್ದವು. ಓಟಕ್ಕೆ ಮುಂಚೆ ಕಾರು ನೋಡುವ ತಪಾಸಣೆಯವರು ಏನಂದುಕೊಂಡಾರು? ಬಣ್ಣ ಕರಗಿಸುವ ಥಿನ್ನರ್ ಹಾಕಿ ಒರೆಸಿ, ಎಲ್ಲವನ್ನೂ ಹೊಸದಾಗಿ ಎಳೆದಳು.

ಬಯಲಿನಲ್ಲಿ ದಸ್ತಗೀರರು ಬಗ್ಗಿ ಕಾರಿನಡಿ ನೋಡಿದರು.

"ತುಂಬಾ ಚೆಂದ. ನಿನ್ನೆ ಯಾವ ನಟ್ಟು ಸಡಿಲ ಆಯ್ತಮ್ಮ?"

"ಯಾವ್ದೂ ಇಲ್ಲ ಉಸ್ತಾದ್. ಒಂದು ಗೆರೇನೂ ಮುರಿದಿಲ್ಲ, ನೋಡಿ."

"ಎಳೆದಿದ್ದು ಯಾವಾಗ?"

"ಈವತ್ತು ಬೆಳಿಗ್ಗೆ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಕೇಳಿಸಿತು. ನಿನ್ನೆ ಯಾವ ಗೆರೆ ಮುರಿದಿತ್ತೋ, ನೋಡದೆ ಒರೆಸಿ ಹಾಕಿದ್ದು ತಾನೇ.

ದಸ್ತಗೀರರು ಸ್ಪ್ಯಾನರ್ ಚಾಚಿದರು.

"ಇನ್ನೇನು ನನ್ನ ಹೆಸರು ಕೂಗ್ತಾರೆ ಉಸ್ತಾದ್. ಮೊದಲ ಓಟ ಹೋಗುತ್ತೆ!"

"ಕೂಗ್ಲಿ."

"ಎಲ್ಲಾ ಸರಿಯಾಗೇ ಇರಬಹುದು."

"ಇರಬಹುದು."

ಅವಳು ಸ್ಪ್ಯಾನರ್ ಕಿತ್ತುಕೊಂಡು ಕಾರಿನಡಿ ನುಸುಳಿದಳು. ಸಿಟ್ಟು ಉಸ್ತಾದರ ಮೇಲಿತ್ತು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ಮೈಕಿನಲ್ಲಿ ಅವಳ ಹೆಸರು ಬಂತು. ಮತ್ತೆ ಬಂತು. ಆಮೇಲೆ ಬೇರೆ ಯಾರದೋ ಹೆಸರು ಬಂತು. ನಾಗವೇಣಿ ಮಲಗಿದಲ್ಲೇ ಅತ್ತಳು, ಅಳುತ್ತಲೇ ಒಂದೊಂದೇ ನಟ್ಟು ಮುಟ್ಟಿ ನೋಡಿದಳು.

ಎಡ ಚಕ್ರದ ಪಕ್ಕ, ಸ್ಟೀರಿಂಗ್ ರಾಡಿನ ನಟ್ಟು. ಸ್ಪ್ಯಾನರೇ ಬೇಕಾಗಲಿಲ್ಲ. ಬೆರಳಿಗೇ ತಿರುಗಿತು.

ಅಳು ನಿಂತಿತು. ಮುಟ್ಟುವ ತನಕ ಆ ನಟ್ಟಿನ ಮೇಲೆ ಹೊಸ ಗೆರೆ ನೆಟ್ಟಗೆ, ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನು ಒರೆಸಿದಳು, ನಟ್ಟು ಬಿಗಿ ಮಾಡಿದಳು, ಮತ್ತೆ ಎಳೆದಳು. ಅವಸರಕ್ಕೆ ಗೆರೆ ಸೊಟ್ಟಗಾಯಿತು. ಹಾಗೇ ಬಿಟ್ಟಳು.

ಉಳಿದದ್ದು ಒಂದೇ ಓಟ. ಓಡಿಸಿದಳು. ತಿರುವಿನಲ್ಲಿ ಚಕ್ರ ಹೇಳಿದ ಕಡೆ ತಿರುಗಿತು, ಧೂಳಿನಲ್ಲಿ ಕಾರು ಹಗುರಾಗಿ ಹಾರಿತು. ಒಬ್ಬಳೇ ಕೂತು ಜೋರಾಗಿ ನಕ್ಕಳು.

ಫಲಿತಾಂಶದ ಬೋರ್ಡು ನೋಡಿಕೊಂಡು ವಾಪಸು ಬಂದಾಗ ದಸ್ತಗೀರರು ಕಡಲೆಕಾಯಿ ಬಿಡಿಸುತ್ತಿದ್ದರು.

"ಏಳನೇದು ಉಸ್ತಾದ್. ಅವರಿಗೆ ಆರೇ ಸಾಕಂತೆ."

"ಬೇಜಾರಾ?"

"ಸ್ವಲ್ಪ. ಆದ್ರೆ ಕಾರು ಹೆಂಗೆ ಓಡ್ತು ಗೊತ್ತಾ!"

ಅವರು ಕಡಲೆಕಾಯಿ ಕೊಟ್ಟರು. ಅವಳು ಅದನ್ನು ಬಾನೆಟ್ಟಿನ ಮೇಲಿಟ್ಟು, ಹೆಲ್ಮೆಟ್ಟು ಕೂಡ ತೆಗೆಯದೆ, ಕಾರಿನಡಿ ನುಸುಳಿದಳು. ಹೊರಗೆ ಕಾಣುತ್ತಿದ್ದದ್ದು ಧೂಳು ಹಿಡಿದ ಎರಡು ಬೂಟು ಮಾತ್ರ.

ಸೊಟ್ಟ ಗೆರೆ ಮಣ್ಣು ಮೆತ್ತಿಕೊಂಡು ಇದ್ದ ಹಾಗೇ ಇತ್ತು. ಮುಂದೆ ಹೋದಳು. ಒಂದೊಂದನ್ನೂ ಬೆರಳಲ್ಲಿ ಸವರಿ ನೋಡಿದಳು.

"ಉಸ್ತಾದ್!" ಒಳಗಿನಿಂದ ಕೂಗಿದಳು. ಜಾಗ ಸಿಕ್ಕಿದ್ದರೂ ಆ ದನಿಗೆ ಅಷ್ಟು ಖುಷಿ ಬರುತ್ತಿತ್ತೋ ಇಲ್ಲವೋ. "ಸೈಲೆನ್ಸರ್ ಹತ್ರ ಒಂದು ಗೆರೆ ಮುರಿದಿದೆ!"

ದಸ್ತಗೀರರು ಬೂಟುಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಸ್ಪ್ಯಾನರ್ ಒಳಗೆ ಚಾಚಿದರು.

"ನಾಳೆ ಬೆಳಿಗ್ಗೆ ಬಾಮ್ಮ. ವೇಗ ಶುರು ಮಾಡೋಣ."