ಪಿಳ್ಳಪ್ಪನ ಕರಿಹೂವಿನ ಗಿಡ

ನಂದಿಬೆಟ್ಟದ ಕೆಳಗಿನ ಒಂದೂರಲ್ಲಿ ಮುನಿರತ್ನಮ್ಮ ಅಂತ ಒಬ್ಬ ತಾಯಿ, ಅವಳಿಗೆ ಪಿಳ್ಳಪ್ಪ ಅಂತ ಒಬ್ಬನೇ ಮಗ. ಮಗ ಬಂಗಾರ, ಬುದ್ಧಿ ಮಾತ್ರ ಇನ್ನೂ ಗಣಿಯಲ್ಲೇ ಇತ್ತು. ಇವನಿಗೊಂದು ಮದುವೆ ಮಾಡಿ ಕಣ್ಣು ಮುಚ್ಚಬೇಕು ಅನ್ನೋದೊಂದೇ ಅವಳ ಆಸೆ.

ಮನೆ ಮುಂದೆ ಚಿಟ್ಟೆಗಳು ಮುತ್ತಿಕೊಳ್ಳೋ ಒಂದು ಚಿಟ್ಟೆಗಿಡ. ಅದರ ಉದ್ದುದ್ದ ಹೂಗೊಂಚಲು ಕಡುನೇರಳೆ, ದೂರದಿಂದ ನೋಡಿದರೆ ಕಪ್ಪೇ. ಬಾಡಿ ಕಪ್ಪಾದ ಹೂವನ್ನೆಲ್ಲ ಕತ್ತರಿಸು ಅಂದಳು ತಾಯಿ. ಪಿಳ್ಳಪ್ಪ ಅರಳಿದ್ದನ್ನೆಲ್ಲ ಕತ್ತರಿಸಿ ಗುಡ್ಡೆ ಹಾಕಿದ.

"ಎಲ್ಲಾ ಕಪ್ಪಗೇ ಇತ್ತಮ್ಮ" ಅಂದ.

ತಾಯಿ ತಲೆ ಚಚ್ಚಿಕೊಂಡಳು. ಇನ್ನು ಮೇಲೆ ಮೂಸಿ ನೋಡು, ಘಮ ಬಂದರೆ ಮುಟ್ಟಬೇಡ ಅಂದಳು.

ಗಿಡ ಮತ್ತೆ ಹೂಬಿಟ್ಟಿತು. ಪಕ್ಕದ ಮನೆ ಹೋತ ಬಂದು ಮೇಯತೊಡಗಿತು. ಪಿಳ್ಳಪ್ಪ ಹೋಗಿ ಹೋತವನ್ನು ಮೂಸಿದ. ಗಮ್ಮಂತ ಬಂತು, ಮುಟ್ಟದೆ ಬಿಟ್ಟ. ಅರ್ಧ ಗಿಡ ಹೋಯಿತು. ಬೈದು ಬೈದು ತಾಯಿಯ ಗಂಟಲು ಒಣಗಿತು. ಹೂವಿಗೆ ಯಾರು ಮೂತಿ ಇಟ್ಟರೂ ಬಡಿಗೆ ತಗೊಂಡು ಬಾರಿಸು ಅಂದಳು.

ಆ ವಾರವೇ ತಾಯಿ ಗೊತ್ತು ಮಾಡಿದ್ದ ಹೆಣ್ಣಿನ ಅಪ್ಪ ಹುಡುಗನನ್ನು ನೋಡಲು ಬಂದ. ಉಳಿದರ್ಧ ಗಿಡದ ತುಂಬ ಚಿಟ್ಟೆ ಕಂಡು ಖುಷಿಯಾಗಿ, ಬಗ್ಗಿ ಹೂವು ಮೂಸಿದ. ಬೆನ್ನ ಮೇಲೆ ಬಿತ್ತು ಬಡಿಗೆ. ಹೂವಿಗೆ ಮೂತಿ ಇಟ್ಟರೆ ಬಾರಿಸು ಅಂತ ಅಮ್ಮನೇ ಹೇಳಿದ್ದು ಅಂದ ಪಿಳ್ಳಪ್ಪ. ಪುಣ್ಯಕ್ಕೆ ಮಗಳು ಅಲಮೇಲು ಜೊತೆಗೇ ಬಂದಿದ್ದಳು. ಹೊಟ್ಟೆ ಹಿಡಿದು ನಕ್ಕಳು. ಹೇಳಿದ ಮಾತು ಮೀರದ ಗಂಡು ಎಲ್ಲಿ ಸಿಗುತ್ತಾನೆ, ಇವನೇ ಆಗಲಿ ಅಂದಳು. ಮುನಿರತ್ನಮ್ಮನಿಗೆ ಹೋದ ಜೀವ ಬಂತು. ಮಗನನ್ನು ಒಳಗೆ ಎಳೆದು, ಇನ್ನು ಮೇಲೆ ದೊಡ್ಡವರು ಹೇಳಿದ್ದನ್ನು ನಿಜ ಅಂತ ನಂಬು, ಮನಸ್ಸಿಟ್ಟು ಮಾಡು ಅಂದಳು.

ಮದುವೆ ದಿನ ಪುರೋಹಿತರು ಜಾತಕ ನೋಡಿ ರಾಗ ಎಳೆದರು. ಮೊದಲ ಹೆಂಡತಿ ಉಳಿಯದ ದೋಷವಂತೆ. ಮೊದಲು ಒಂದು ಗಿಡಕ್ಕೆ ತಾಳಿ ಕಟ್ಟಿ, ಅದನ್ನು ಕಡಿದು, ಆಮೇಲೆ ಹುಡುಗಿಗೆ ಕಟ್ಟಬೇಕಂತೆ. ಅಂಗಳದಲ್ಲಿ ಇದ್ದದ್ದು ಚಿಟ್ಟೆಗಿಡ. ಪಿಳ್ಳಪ್ಪ ಅದಕ್ಕೇ ಮನಸ್ಸಿಟ್ಟು ತಾಳಿ ಕಟ್ಟಿದ. ಗಿಡವನ್ನು ಬುಡಕ್ಕೆ ಕಡಿದರು.

ಪಿಳ್ಳಪ್ಪ ತಲೆ ಮೇಲೆ ಟವೆಲ್ ಹಾಕಿಕೊಂಡು ಕೂತು ಅಳತೊಡಗಿದ. "ಹೆಂಡ್ತಿ ಸತ್ತ ದಿನಾನೇ ಇನ್ನೊಂದು ಮದ್ವೆ ಯಾರಾದ್ರೂ ಆಗ್ತಾರಾ?"

ಮುಹೂರ್ತ ಮೀರುತ್ತಿತ್ತು. ತಾಯಿ ಬೇಡಿದಳು, ಪುರೋಹಿತರು ಗದರಿದರು, ಇವನು ಏಳಲಿಲ್ಲ. ಅಲಮೇಲುಗೆ ಅಯ್ಯೋ ಅನಿಸಿತು. ಪಕ್ಕದಲ್ಲಿ ಕೂತು ಸೆರಗಿನಿಂದ ಅವನ ಕಣ್ಣೊರೆಸಿದಳು.

"ಅಳಬೇಡಿ. ಈ ಗಿಡ ಬುಡ ಕಡಿದ್ರೂ ಸಾಯಲ್ಲ. ತಿಂಗಳಲ್ಲಿ ಚಿಗುರ್ತದೆ."

ಪಿಳ್ಳಪ್ಪನ ಮುಖ ಅರಳಿತು. ಟವೆಲ್ ಕೊಡವಿ ಎದ್ದ. ಬಾಸಿಂಗ ಬಿಚ್ಚಿ ಅವಳ ಕೈಗಿಟ್ಟು ಕೈಮುಗಿದ.

"ಹಂಗಾದ್ರೆ ನೀವು ಊರಿಗೆ ಹೋಗಿ ತಾಯಿ. ಹೆಂಡ್ತಿ ಬದುಕಿರೋವಾಗ ಎರಡನೇ ಮದ್ವೆ ತಪ್ಪಲ್ವಾ?"