ಸೇವೆಯವರ ಹೊಂಬಾಳವ್ವ

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಗೂ ನೆನಪಿಲ್ಲದ ಕಾಲದಲ್ಲಿ, ಕಲ್ಲುಗುಡ್ಡದ ಬುಡದಲ್ಲಿ ಒಂದು ಊರಿತ್ತಂತೆ. ಆ ಊರು ಇದೇ ಅಂತ ನಾವಂತೀವಿ. ಕೆರೆಯಾಚೆಯವರು ತಮ್ಮದು ಅಂತಾರೆ. ಅನ್ನಲಿ ಬಿಡಿ, ಹೊಂಬಾಳವ್ವ ನಮ್ಮವಳು ಅನ್ನೋಕೆ ಎಲ್ಲರಿಗೂ ಆಸೆ.

ಬಿಸಿಲು ಇಳಿಯೋ ತನಕ ಈ ಜಗುಲಿ ಮೇಲೇ ಕೂತಿರಿ ಮಕ್ಕಳಾ. ನಾಳೆ ಬೆಳಗಾದರೆ ದಿಕ್ಕಿನ ಮನೆಯ ಸೇವೆಗೆ ಹೋಗೋರು ನೀವಿಬ್ಬರು. ವರ್ಷಪೂರ್ತಿ ನನ್ನ ಮನೆಯಲ್ಲೇ ಉಂಡು ಮಲಗೋರು. ಬಂದವರಿಗೆ ಮೊದಲ ದಿನವೇ ಹೊಂಬಾಳವ್ವನ ವಿಷಯ ಹೇಳಿಬಿಡೋದು ಇಲ್ಲಿಯ ವಾಡಿಕೆ. ನನಗೆ ಹೇಳಿದವಳು ನಮ್ಮತ್ತೆ, ಅವಳಿಗೆ ಹೇಳಿದವಳು ಅವಳತ್ತೆ. ಬಾಯಿಂದ ಬಾಯಿಗೆ ಬರ್ತಾ ಒಂದಿಷ್ಟು ಉಬ್ಬಿರಬಹುದು, ಅದಕ್ಕೆ ನನ್ನ ಕೇಳಬೇಡಿ.

ಊರಾಚೆ, ಗುಡ್ಡದ ನೆರಳಿಗೆ, ಒಂದು ಉದ್ದನೆಯ ಮನೆ ಇತ್ತಂತೆ. ಕಣ್ಣಿಲ್ಲದವರು, ಕೈಕಾಲು ಬಿದ್ದುಹೋದವರು, ಮೈಯೆಲ್ಲ ಹುಣ್ಣಾಗಿ ಮನೆಯವರೇ ದಾರಿಗೆ ಬಿಟ್ಟುಹೋದವರು, ಎಲ್ಲರಿಗೂ ಅಲ್ಲಿ ಜಾಗ. ಕಟ್ಟಿಸಿದವನು ಒಬ್ಬ ಸಾಧು ಅಂತಾರೆ, ಒಬ್ಬ ವ್ಯಾಪಾರಿ ಅಂತಾರೆ. ಯಾರೇ ಇರಲಿ, ಅದು ಯಾರ ಸ್ವತ್ತೂ ಆಗಿರಲಿಲ್ಲ. ಸುಗ್ಗಿಯಲ್ಲಿ ಸುತ್ತಲ ಊರಿನವರು ಮೊರ ಮೊರ ರಾಗಿ ಕೊಡ್ತಿದ್ದರು, ಅದರಲ್ಲೇ ನಡೀತಿತ್ತು. ದಿಕ್ಕಿಲ್ಲದವರ ಮನೆ ಅಂತ ಯಾರಾದರೂ ಅಂದರೆ ಅಲ್ಲಿಯ ಹಿರಿಯನಿಗೆ ಸಿಟ್ಟು ಬರ್ತಿತ್ತಂತೆ. ಇಲ್ಲಿಗೆ ಬಂದ ಮೇಲೂ ದಿಕ್ಕಿಲ್ಲ ಅನ್ನೋದೇನು, ದಿಕ್ಕಿನ ಮನೆ ಅನ್ನಿ ಅಂತ ಗದರ್ತಿದ್ದನಂತೆ. ಆ ಹೆಸರೇ ನಿಂತಿತು.

ಕೂಲಿ ಕೊಟ್ಟು ಆಳಿಡೋ ಶಕ್ತಿ ಆ ಮನೆಗೆ ಇರಲಿಲ್ಲ. ನಿಮ್ಮ ಹಾಗೆ ಇಬ್ಬರಲ್ಲ, ದೂರದೂರಿಂದ ಯಾರಾದರೂ ಒಬ್ಬರು, ಗಂಡಾಗಲಿ ಹೆಣ್ಣಾಗಲಿ, ಮನಸ್ಸು ಮಾಡಿ ಬಂದು ಯುಗಾದಿಯಿಂದ ಯುಗಾದಿಗೆ ಸೇವೆ ಮಾಡಿ ಹೋಗ್ತಿದ್ದರು. ಹಗಲೆಲ್ಲ ಅಲ್ಲಿ ದುಡಿದರೂ ಸಂಜೆಗೆ ಊರೊಳಗೆ ಬಂದು ಒಂದು ಮನೆಯಲ್ಲಿ ಉಂಡು ಮಲಗಬೇಕು, ಅದು ಕಟ್ಟಳೆ. ವರ್ಷ ಮುಗಿದ ಮೇಲೆ ಸೇವೆಯಲ್ಲಿ ಉಳಿಯುವಂತಿಲ್ಲ, ಅದೂ ಕಟ್ಟಳೆ. ಮೂರು ಹೊತ್ತೂ ನೋವನ್ನೇ ನೋಡ್ತಾ ಇದ್ದರೆ ಎಂಥ ಮೆತ್ತಗಿನ ಮನಸ್ಸೂ ಜಡ್ಡುಗಟ್ಟುತ್ತೆ ಅಂತ ಹಿರಿಯರು ಕಂಡುಕೊಂಡಿದ್ದರು. ಹಳಬರು ಹೋಗೋ ದಿನ ಹೊಸಬರು ಬಂದಿರಬೇಕು. ಉಳಿಸಿಕೊಂಡ ಮನೆಯವಳು ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಬಡಿಸಬೇಕು. ಹಳಬರು ತಮ್ಮ ಮುದ್ದೆಯಲ್ಲಿ ಮುರಿದು ಹೊಸಬರ ಎಲೆಗೆ ಹಾಕಬೇಕು. ಅದಕ್ಕೆ ಕೈಬದಲು ಊಟ ಅಂತ ಹೆಸರು. ಆ ಊಟ ಆಗದೆ ಹಳಬರು ಹೊರಡೋ ಹಾಗಿಲ್ಲ, ಹೊಸಬರು ದಿಕ್ಕಿನ ಮನೆಯ ಹೊಸಿಲು ದಾಟೋ ಹಾಗಿಲ್ಲ.

ಸರಿ, ಅಂಥವರನ್ನ ಮನೆಗೆ ಸೇರಿಸೋರು ಯಾರು? ಹುಣ್ಣು ತೊಳೆದ ಕೈ ನಮ್ಮ ಮಡಕೆ ಮುಟ್ಟೋದಾ ಅಂತ ಊರವರೆಲ್ಲ ಮುಖ ಮುಖ ನೋಡಿಕೊಂಡರಂತೆ. ಆಗ ಹೊಂಬಾಳವ್ವ ಎದ್ದು, ನಮ್ಮನೆಗೆ ಬರಲಿ ಅಂದಳಂತೆ. ದನ ಮಾರೋಕೆ ಹೋದ ಅವಳ ಗಂಡ ವಾಪಸು ಬಂದಿರಲಿಲ್ಲ. ಮಕ್ಕಳಿರಲಿಲ್ಲ. ಪುಣ್ಯಕ್ಕೆ ಒಪ್ಪಿಕೊಂಡಳು ಅಂತ ಎಲ್ಲರೂ ಹೇಳ್ತಾರೆ. ನಾನದನ್ನ ನಂಬೋಳಲ್ಲ. ಮನೆಯಲ್ಲಿ ಇನ್ನೊಂದು ಉಸಿರು ಬೇಕಿತ್ತು ಅವಳಿಗೆ, ಅಷ್ಟೇ.

ಅವಳ ಮುದ್ದೆ ಮಡಕೆ ಬರಿದಾಗ್ತಲೇ ಇರಲಿಲ್ಲ ಅಂತಾರೆ. ಸುಳ್ಳು. ರಾಗಿ ಎಷ್ಟು ಹಾಕ್ತೀವೋ ಅಷ್ಟೇ ಬೇಯೋದು. ಅವಳು ತಲೆಗೆ ಎಣ್ಣೆ ಹಚ್ಚಿದರೆ ಜ್ವರ ಬಿಡ್ತಿತ್ತು ಅಂತಾರೆ. ಇರಬಹುದು. ಆದರೆ ಒಂದನ್ನ ಮಾತ್ರ ನಾನು ನಂಬ್ತೀನಿ. ಸಂಜೆ ಸೇವೆಯವರು ಓಣಿಯಲ್ಲಿ ಬರೋ ಹೆಜ್ಜೆ ಸದ್ದಿನಲ್ಲೇ, ಇವತ್ತು ದಿಕ್ಕಿನ ಮನೆಯಲ್ಲಿ ಯಾರಾದರೂ ತೀರಿಹೋದರಾ ಅನ್ನೋದು ಅವಳಿಗೆ ಗೊತ್ತಾಗ್ತಿತ್ತಂತೆ. ಅಂಥ ದಿನ ಏನೂ ಕೇಳದೆ ಸ್ನಾನಕ್ಕೆ ಬಿಸಿನೀರು ಇಟ್ಟು, ಸಾರಿಗೆ ಒಂದು ಹನಿ ತುಪ್ಪ ಹೆಚ್ಚಿಗೆ ಬಿಡ್ತಿದ್ದಳಂತೆ.

ವರ್ಷಕ್ಕೊಬ್ಬರು ಬಂದರು, ವರ್ಷಕ್ಕೊಬ್ಬರು ಹೋದರು. ಎಲ್ಲರೂ ಹೋಗಿ ಬರ್ತೀನವ್ವಾ ಅಂದವರೇ. ಬಂದವರು ಯಾರೂ ಇಲ್ಲ. ಅವರ ತಪ್ಪಲ್ಲ, ಅವರವರಿಗೆ ಅವರವರ ಬದುಕು. ಒಬ್ಬರು ಹೋದ ಮೇಲೆ ಹೊಸಬರನ್ನ ಹಳಬರ ಹೆಸರು ಹಿಡಿದು ಕೂಗಿ ನಾಲಿಗೆ ಕಚ್ಚಿಕೊಳ್ತಿದ್ದಳಂತೆ ಹೊಂಬಾಳವ್ವ. ಅವರು ಓಗೊಡದೆ ಸುಮ್ಮನಿರೋರು. ಆಮೇಲೆ ಕೆಲವು ಕಾಲ ಅವಳು ಯಾರನ್ನೂ ಹೆಸರು ಹಿಡಿದು ಕರೆಯೋದನ್ನೇ ಬಿಟ್ಟಿದ್ದಳಂತೆ.

ಹೀಗಿರ್ತಾ ಒಂದು ವರ್ಷ ಚಿಕ್ಕತಾಯಿ ಅನ್ನೋಳು ಬಂದಳು. ಇನ್ನೂ ಎಳೇ ವಯಸ್ಸು. ಗಂಡ ತೀರಿಕೊಂಡಿದ್ದ, ಅತ್ತೆಮನೆಯವರು ಆಚೆ ಹಾಕಿದ್ದರು, ಅಣ್ಣಂದಿರು ಬಾಗಿಲು ತೆಗೆದಿರಲಿಲ್ಲ. ಇಷ್ಟೆಲ್ಲ ಆದವಳು ಮೂಲೆಯಲ್ಲಿ ಕೂತು ಅಳ್ತಾಳೆ ಅಂದುಕೊಂಡರೆ, ಮೊದಲ ದಿನವೇ ಸಾರಿನ ಬಟ್ಟಲು ಮುಂದಕ್ಕೆ ತಳ್ಳಿದಳಂತೆ.

“ಏನವ್ವಾ, ನಿಮ್ಮೂರಲ್ಲಿ ಉಪ್ಪಿಗೇನು ಬರ ಬಂದದಾ?”

“ಬಾಯ್ ಮುಚ್ಕೊಂಡು ಉಣ್ಣೇ. ನಾಲಿಗೆ ನೋಡು, ಮೊಳ ಉದ್ದ!” ಅಂದಳು ಹೊಂಬಾಳವ್ವ.

ಅವತ್ತು ಶುರುವಾದ ಜಗಳ ನಿಲ್ಲಲೇ ಇಲ್ಲ. ಉಪ್ಪಿಗೆ ಜಗಳ, ಒಲೆ ಉರಿಗೆ ಜಗಳ, ಬಾಗಿಲ ಮುಂದಿನ ರಂಗೋಲಿಗೆ ಜಗಳ. ಹಿಂದಿನವರೆಲ್ಲ ನೆಂಟರ ಹಾಗೆ ತಗ್ಗಿ ಬಗ್ಗಿ ಇದ್ದು ಹೋದವರು. ಇವಳು ಮನೆಯವಳ ಹಾಗೆ ಜಗಳ ಆಡಿದಳು. ಹೊಂಬಾಳವ್ವ ಬಾವಿಕಟ್ಟೆಗೆ ಬಂದು, ಆ ಮುಂಡೇದರ ಕೈಲಿ ಸಾಕಾಯ್ತು ಅಂತ ಬೈತಿದ್ದರೆ ಅವಳ ಮುಖ ಹೊಳೀತಿತ್ತಂತೆ.

ಯುಗಾದಿ ಹತ್ತಿರ ಬಂತು. ಬೇವು ಚಿಗುರಿದ್ದು ಕಂಡರೆ ಊರಿಗೆಲ್ಲ ಖುಷಿ, ಹೊಂಬಾಳವ್ವ ಮಾತ್ರ ಆ ಕಡೆ ತಿರುಗಿಯೂ ನೋಡ್ತಿರಲಿಲ್ಲ. ಒಂದು ಮಧ್ಯಾಹ್ನ, ಚಿಕ್ಕತಾಯಿ ದಿಕ್ಕಿನ ಮನೆಯಲ್ಲಿದ್ದ ಹೊತ್ತಿನಲ್ಲಿ, ಗಂಟು ಹೊತ್ತ ಹೆಂಗಸೊಬ್ಬಳು ಜಗುಲಿ ಮುಂದೆ ಬಂದು ನಿಂತಳು. ಕುಂಬಾರರವಳು, ಹೆಸರು ಜವರಮ್ಮ. ಮುಂದಿನ ವರ್ಷದ ಸೇವೆಗೆ ಬಂದಿದ್ದೀನಿ ಅಂದಳು. ನಡೆದು ನಡೆದು ಹಿಮ್ಮಡಿ ಒಡೆದಿತ್ತು.

ಹೊಂಬಾಳವ್ವ ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಆಮೇಲೆ ಏನು ಹೇಳಿದಳು ಗೊತ್ತಾ? ಮುಂದಿನ ವರ್ಷಕ್ಕೆ ಆಗಲೇ ಇನ್ನೊಬ್ಬರು ಬಂದಾಯ್ತು, ನೀನು ಬೇಕಾಗಿಲ್ಲ ಅಂದಳು.

ಜವರಮ್ಮ ನೀರು ಕುಡಿದು, ಗಂಟು ಎತ್ತಿಕೊಂಡು, ಬಂದ ದಾರಿಯಲ್ಲೇ ತಿರುಗಿ ಹೋದಳು.

ಕೆಟ್ಟವಳು ಅಂತೀರಾ? ನನಗೆ ಹಾಗನ್ನೋಕೆ ಬಾಯಿ ಬರೋದಿಲ್ಲ. ಇದೊಂದು ವರ್ಷ, ಇದೊಂದೇ ವರ್ಷ ಅಂತ ಮನಸ್ಸಿಗೆ ಹೇಳಿಕೊಂಡಳಂತೆ. ಹಬ್ಬದ ದಿನ ಕೈಬದಲು ಊಟಕ್ಕೆ ಹೊಸಬರು ಯಾರೂ ಇರಲಿಲ್ಲ. ದಿಕ್ಕಿನ ಮನೆಯ ಹಿರಿಯ ತಲೆ ಕೆರೆದುಕೊಂಡು, ಯಾರೂ ಬರಲಿಲ್ಲವಲ್ಲ ತಾಯಿ, ಮಲಗಿದವರನ್ನ ನಡುನೀರಲ್ಲಿ ಬಿಡೋಕಾಗುತ್ತಾ, ಯಾರಾದರೂ ಬರೋ ತನಕ ಇರು ಅಂತ ಚಿಕ್ಕತಾಯಿಯನ್ನ ಕೇಳಿಕೊಂಡ. ಆಗಲಿ ಅಂದಳು ಅವಳು. ಅವತ್ತು ಹೊಂಬಾಳವ್ವ ಮಾಡಿದ ಒಬ್ಬಟ್ಟಿನ ಘಮಲು ಕೆರೆಯಾಚೆಗೂ ಹೋಗಿತ್ತು ಅಂತಾರೆ.

ಮಳೆ ಬಂತು, ಹೋಯ್ತು. ಅವರೆಕಾಯಿ ಕಾಲ ಬಂತು. ಚಿಕ್ಕತಾಯಿ ಉಪ್ಪಿಗೆ ಜಗಳ ಆಡೋದು ಬಿಟ್ಟಳು. ಹಾಕಿದ್ದನ್ನ ಉಂಡು ಗೋಡೆಗೆ ಮುಖ ಮಾಡಿ ಮಲಗೋಳು. ಬೇಕು ಅಂತಲೇ ಹೊಂಬಾಳವ್ವ ಒಂದು ದಿನ ಸಾರಿಗೆ ಉಪ್ಪೇ ಹಾಕಲಿಲ್ಲ. ಏನಾದರೂ ಅನ್ನಲಿ, ಒಂದು ಬೈಗುಳ ಬರಲಿ ಅಂತ ಎದುರಿಗೇ ಕೂತಿದ್ದಳು. ಚಿಕ್ಕತಾಯಿ ಉಂಡು ಎದ್ದು ಕೈ ತೊಳೆದಳು. ಹೆಜ್ಜೆ ಸದ್ದೂ ಬದಲಾಗಿತ್ತು. ಯಾರಾದರೂ ಸತ್ತ ದಿನಕ್ಕೂ ಸಾಯದ ದಿನಕ್ಕೂ ಅವಳ ನಡಿಗೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಓಣಿಗೆ ಕಿವಿಗೊಟ್ಟು ಕೂತ ಹೊಂಬಾಳವ್ವನಿಗೆ ಏನೂ ಗೊತ್ತಾಗ್ತಿರಲಿಲ್ಲವಂತೆ. ಮನೆಯಲ್ಲಿ ಇಬ್ಬರಿದ್ದರು, ಆದರೂ ಮನೆ ಮೊದಲಿಗಿಂತ ಬಿಕೋ ಅಂತಿತ್ತು.

ಕೊನೆಗೊಂದು ದಿನ ಸುದ್ದಿ ಬಂತು. ಕಣ್ಣಿಲ್ಲದ ಮುದುಕನೊಬ್ಬ ಗಂಜಿ ಚೆಲ್ಲಿದ್ದಕ್ಕೆ ಚಿಕ್ಕತಾಯಿ ಅವನ ಕೈಮೇಲೆ ಸೌಟಿನಿಂದ ಬಾರಿಸಿದ್ದಳಂತೆ. ಸಂಜೆ ಮನೆಗೆ ಬಂದವಳು ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು ತನ್ನ ಕೈ ನೋಡಿಕೊಂಡಳು.

“ಅವ್ವಾ, ಈ ಕೈ ನಂದೇಯಾ?”

ಕಟ್ಟಳೆ ಯಾಕಿತ್ತು ಅನ್ನೋದು ಹೊಂಬಾಳವ್ವನಿಗೆ ಆಗ ಅರ್ಥವಾಯಿತು. ಪ್ರೀತಿಗೆ ಅಂತ ಉಳಿಸಿಕೊಂಡವಳನ್ನ ತಾನೇ ಕೈಯಾರೆ ಹಾಳು ಮಾಡಿದ್ದಳು.

ಕೋಳಿ ಕೂಗೋ ಹೊತ್ತಿಗೆ ಜವರಮ್ಮನನ್ನ ಹುಡುಕಿಕೊಂಡು ಹೊರಟಳು. ಊರ ಗಡಿ ದಾಟಿದವಳಲ್ಲ. ಕುಂಬಾರರವಳು ಅನ್ನೋದು ಬಿಟ್ಟರೆ ಅವಳ ಬಗ್ಗೆ ಇನ್ನೇನೂ ಗೊತ್ತಿಲ್ಲ. ಎಲ್ಲಿ ಮಡಕೆ ಸುಡೋ ಹೊಗೆ ಕಂಡರೆ ಅಲ್ಲಿಗೆ ಹೋಗಿ, ಜವರಮ್ಮ ಅಂತ ಇದ್ದಾಳಾ ಅಂತ ಕೇಳಿದಳು. ದಾರಿಯ ಹುಣಸೆಮರಗಳು ಬಾಗಿ ಅವಳಿಗೆ ನೆರಳು ಕೊಟ್ಟವು ಅಂತಾರೆ. ಅದೆಲ್ಲ ಹೇಳೋರ ಚಂದಕ್ಕೆ. ಬಿಸಿಲಲ್ಲೇ ನಡೆದಳು, ಪಾಪ. ಅವಳ ಹಿಮ್ಮಡಿಯೂ ಒಡೆಯಿತು.

ಕಡೆಗೂ ಸಿಕ್ಕಿದಳು ಜವರಮ್ಮ. ಅಂಗಳದಲ್ಲಿ ಮಣ್ಣು ತುಳೀತಿದ್ದಳು. ದಿಕ್ಕಿಲ್ಲದವರ ಮನೆಗೂ ಬೇಡವಾದವಳು ಅಂತ ಊರವರೆಲ್ಲ ಅವಳನ್ನ ಆಡಿಕೊಂಡು ನಕ್ಕಿದ್ದರಂತೆ. ಹೊಂಬಾಳವ್ವ ಆ ಜನರ ಮುಂದೆಯೇ ನಿಂತು ಗಟ್ಟಿಯಾಗಿ, ಯಾರೂ ಬಂದಿರಲಿಲ್ಲ, ನಾನೇ ಸುಳ್ಳು ಹೇಳಿ ಇವಳನ್ನ ಕಳಿಸಿದೆ, ತಪ್ಪೆಲ್ಲ ನಂದು ಅಂದಳು. ಜವರಮ್ಮ ಮಣ್ಣು ಹದಕ್ಕೆ ಬರೋ ತನಕ ತುಳಿದಳು. ಆಮೇಲೆ ಕಾಲು ತೊಳೆದು, ಒಳಗೆ ಹೋಗಿ ಗಂಟು ತಂದಳು.

“ಆವತ್ತು ಬೆಲ್ಲ ಕೊಟ್ಟು ಸುಳ್ಳು ಹೇಳ್ದೆ. ಇವತ್ತು ಬರೀ ಕೈಲಿ ಬಂದು ನಿಜ ಹೇಳ್ತಿದ್ದೀಯ. ನಡಿಯವ್ವಾ, ಬತ್ತೀನಿ.”

ಕೈಬದಲು ಊಟಕ್ಕೆ ಹೊಂಬಾಳವ್ವ ಇಬ್ಬರನ್ನೂ ಕೂರಿಸಿದಳು. ಬಡಿಸೋಕೆ ಮುಂಚೆ ಚಿಕ್ಕತಾಯಿಗೆ ಎಲ್ಲವನ್ನೂ ಹೇಳಿದಳು. ನೀನು ಹೋಗಿಬಿಡ್ತೀಯ ಅಂತ ಹೆದರಿ ಹೀಗೆ ಮಾಡಿದೆ ಕಣೇ ಅಂತ ಅತ್ತಳು. ಚಿಕ್ಕತಾಯಿ ಮುದ್ದೆ ಮುರಿದು ಜವರಮ್ಮನ ಎಲೆಗೆ ಹಾಕಿದಳು. ತಾನು ಒಂದು ತುತ್ತೂ ಉಣ್ಣಲಿಲ್ಲ. ಹೊಸಿಲ ಹತ್ತಿರ ಬಂದು ಒಂದೇ ಒಂದು ಮಾತಾಡಿದಳು ಅಂತಾರೆ. ಹೇಳೋರು ಯಾರೇ ಆಗಲಿ, ಈ ಮಾತನ್ನ ಮಾತ್ರ ಯಾರೂ ಬದಲು ಮಾಡೋದಿಲ್ಲ.

“ಒಂದ್ ಮಾತು ಕೇಳ್ಬಾರ್ದಾಗಿತ್ತಾ ಅವ್ವಾ? ಸೇವೆ ಮುಗೀತು, ಮಗಳಾಗಿ ಇದ್ಬುಡು ಅಂದಿದ್ರೆ ಇದ್ಬುಡ್ತಿದ್ನಲ್ಲ. ನಂಗಾದ್ರೂ ಯಾರವ್ರೆ? ಈಗ ಆ ಮನೆ ಕಣ್ಣಿಗ್ ಬಿದ್ರೆ ಕೈ ನಡುಗ್ತದೆ. ಇನ್ನಿಲ್ಲಿ ಇರಾಕಾಗಾಕಿಲ್ಲ.”

ನೋಡಿ ಮಕ್ಕಳಾ, ಕಟ್ಟಳೆ ಇದ್ದದ್ದು ಸೇವೆಯಲ್ಲಿ ಉಳಿಯಬಾರದು ಅಂತ. ಊರಲ್ಲಿ ಉಳಿಯಬಾರದು, ಒಬ್ಬರ ಮನೆಮಗಳಾಗಬಾರದು ಅಂತ ಯಾರೂ ಹೇಳಿರಲಿಲ್ಲ. ಅದು ಹೊಂಬಾಳವ್ವನಿಗೂ ಗೊತ್ತಿತ್ತು. ಕೇಳಿದರೆ ಇಲ್ಲ ಅಂದುಬಿಟ್ಟಾಳು ಅನ್ನೋ ಭಯಕ್ಕೆ ಕೇಳಲೇ ಇಲ್ಲ.

ಚಿಕ್ಕತಾಯಿ ಹೋದಳು. ಹೋಗಿ ಬರ್ತೀನಿ ಅಂತಲೂ ಅನ್ನಲಿಲ್ಲ. ಎಲ್ಲಿಗೆ ಹೋದಳು, ಏನಾದಳು, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನನಗೆ ಗೊತ್ತಿಲ್ಲ. ಅವಳು ಹೋದ ದಾರಿಯನ್ನ ನೋಡ್ತಾ ನಿಂತ ಹೊಂಬಾಳವ್ವನ ಕೈ ಹಿಡಿದು ಒಳಗೆ ಕರಕೊಂಡು ಬಂದವಳು ಜವರಮ್ಮ.

ಮುಂದಿನ ಯುಗಾದಿಗೆ, ಜವರಮ್ಮ ಹೊರಟು ನಿಂತಾಗ, ಹೊಂಬಾಳವ್ವ ಹೊಸಿಲಲ್ಲಿ ನಿಂತು ಕೇಳಿದಳಂತೆ, ಇದ್ದುಬಿಡ್ತೀಯಾ ಮಗಾ ಅಂತ. ಇಲ್ಲವ್ವಾ ಹೋಗ್ತೀನಿ ಅಂದಳು ಜವರಮ್ಮ. ಆಮೇಲೆ ಬಂದವರನ್ನೂ ಕೇಳಿದಳು. ಅವರೂ ಹೋದರು. ಕೂದಲು ಹಣ್ಣಾಗಿ, ಬೆನ್ನು ಬಾಗಿ, ದನಿ ನಡುಗೋ ಕಾಲಕ್ಕೂ ಕೇಳಿದಳು. ಒಬ್ಬರೂ ಉಳಿಯಲಿಲ್ಲ ಅಂತಾರೆ. ಅವಳ ಬಾಯಿಗೆ ಕೊನೆಯ ನೀರು ಬಿಟ್ಟವನು ಆ ವರ್ಷದ ಸೇವೆಯವನು, ಬಂದು ಇನ್ನೂ ತಿಂಗಳಾಗಿರಲಿಲ್ಲ.

ಅವತ್ತಿಂದ ಈ ಊರಲ್ಲಿ ಸೇವೆಯವರು ಹೊರಡೋ ದಿನ ಯಾರೂ ಗದ್ದೆ ಕೆಲಸಕ್ಕೆ ಹೋಗೋದಿಲ್ಲ. ಓಣಿಯಲ್ಲಿ ಎಲ್ಲರೂ ಮಾತಿಲ್ಲದೆ ನಿಂತಿರ್ತಾರೆ. ಉಳಿಸಿಕೊಂಡ ಮನೆಯವಳು ಹೊಸಿಲಲ್ಲಿ ನಿಂತು, ಇದ್ದುಬಿಡ್ತೀಯಾ ಮಗಾ ಅಂತ ಎಲ್ಲರಿಗೂ ಕೇಳೋ ಹಾಗೆ ಕೇಳಬೇಕು. ಇಲ್ಲ ಅಂತಾರೆ ಅಂತ ಗೊತ್ತಿದ್ದರೂ ಕೇಳಬೇಕು.

ಇವತ್ತು ನಿಮ್ಮೆದುರಿಗೇ ನಾನೂ ಕೇಳಿದೆ. ಆ ಹುಡುಗಿ ತಲೆ ಬಗ್ಗಿಸಿಕೊಂಡು, ಹೋಗ್ತೀನಜ್ಜಿ ಅಂದಳು. ಆಮೇಲೆ ನನಗೆ ಊಟ ಸೇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಬರೋ ಯುಗಾದಿಗೆ ನಿಮ್ಮಿಬ್ಬರನ್ನೂ ಕೇಳ್ತೀನಿ. ನೀವೂ ಹೋಗ್ತೀನಿ ಅನ್ನೋರೇ ಇರಬಹುದು. ಹಾಗಿದ್ದರೂ ಈಗಲೇ ಹೇಳಬೇಡಿ. ವರ್ಷವೆಲ್ಲ ಅದೊಂದು ನನಗೆ ಗೊತ್ತಿಲ್ಲದೆ ಇರಲಿ.