ಕಾಮಾಲೆ ಬಂದ ಫೋನು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಮುರಿಗೆಪ್ಪ ಎಂಬುವನಿದ್ದ. ಸೀರೆ ನೇಯುವುದರಲ್ಲಿ ಅವನ ಕೈ ಬಲು ಚೊಕ್ಕ, ಮನಸ್ಸು ಮಾತ್ರ ಅನುಮಾನದ ಗೂಡು. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನೀವು ನೋಡಿರಬಹುದು. ಇವನು ಕಲ್ಲು ಸಿಗದಿದ್ದರೆ, ಯಾರೋ ಮೊದಲೇ ಎತ್ತಿಟ್ಟಿದ್ದಾರೆ ಎನ್ನುವ ಪೈಕಿ.

ಇಂಥವನು ಒಂದು ದಿನ ಹೊಸ ಫೋನು ತಂದ. ಅದು ಅಂಗಡಿಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. "ಹೊಸಾದು ಬಂದ ಕೂಡ್ಲೇ ತಗೋಬ್ಯಾಡ್ರಿ, ನಾಕ್ ಮಂದಿ ತಗೊಂಡು ನೋಡ್ಲಿ" ಎಂದು ಹೆಂಡತಿ ದಾನವ್ವ ಹೇಳಿದ್ದಳು. ಆದರೆ ಓಣಿಯಲ್ಲಿ ಮೊದಲು ತನ್ನ ಕೈಯಲ್ಲೇ ಇರಬೇಕು ಎಂಬ ಹಟ ಅವನದು.

ಎಂಟು ದಿನದಲ್ಲಿ ಫೋನಿನ ಬಂಡವಾಳ ಬಯಲಾಯಿತು. ಚಾರ್ಜಿಗೆ ಹಾಕಿದರೆ ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು. ಮಾತಾಡುವಾಗ ಕೆನ್ನೆ ತಾಗಿದರೆ ಕರೆ ಕಟ್ಟಾಗುತ್ತಿತ್ತು. ಫೋಟೋ ತೆಗೆದರೆ ಎಲ್ಲದರ ಮೇಲೂ ತೆಳ್ಳಗೆ ಅರಿಸಿನ ಬಳಿದಂತೆ ಕಾಣುತ್ತಿತ್ತು.

"ಇದ್ರಾಗ ನಾ ಕಾಮಾಲಿ ಬಂದಾಕಿ ಹಂಗ ಕಾಣ್ತೀನಲ್ರೀ" ಎಂದಳು ದಾನವ್ವ.

"ಫೋನು ಇದ್ದದ್ದನ್ನ ಇದ್ದಂಗ ತೋರಸ್ತೈತಿ. ನಾಳೆ ದವಾಖಾನಿಗೆ ಹೋಗಿ ಬಾ" ಎಂದ ಮುರಿಗೆಪ್ಪ.

ದಾನವ್ವ ಕನ್ನಡಿಯಲ್ಲಿ ತನ್ನ ಕಣ್ಣು ನೋಡಿಕೊಂಡಳು. ಬೆಳ್ಳಗೇ ಇದ್ದವು. ಊರನ್ನೆಲ್ಲ ಅನುಮಾನಿಸುವ ಈ ಮನುಷ್ಯ ಫೋನೊಂದನ್ನು ಮಾತ್ರ ಅನುಮಾನಿಸಲಿಲ್ಲ. ಅನುಮಾನಿಸಿದರೆ ಹೆಂಡತಿಯ ಮಾತು ನಿಜವಾಗುತ್ತಿತ್ತಲ್ಲ! ಗಜೇಂದ್ರಗಡದಲ್ಲಿದ್ದ ಅಕ್ಕ ಬಾಳವ್ವನ ಕರೆ ಅರ್ಧಕ್ಕೇ ಕಟ್ಟಾದಾಗಲೂ ಅವನು ತನ್ನ ಕೆನ್ನೆ ಮುಟ್ಟಿ ನೋಡಲಿಲ್ಲ. ಅಕ್ಕ ಏನನ್ನೋ ಮುಚ್ಚಿಡುತ್ತಿದ್ದಾಳೆ, ಅದಕ್ಕೇ ಕಟ್ ಮಾಡುತ್ತಿದ್ದಾಳೆ ಎಂದುಕೊಂಡ.

ಆ ಅಕ್ಕನ ಮಗಳಿಗೆ ಮದುವೆ ಗೊತ್ತಾಗಿತ್ತು. ಸೋದರಮಾವನಾಗಿ ಮುರಿಗೆಪ್ಪ ಸೀರೆ ಕೊಡಬೇಕು. ಎಂಥದು ಬೇಕೆಂದು ಕೇಳಲು ಗಜೇಂದ್ರಗಡಕ್ಕೆ ಹೋದ. "ಸೆರಗು ನಮ್ಮವ್ವನ ಸೀರಿ ಸೆರಗಿನ ಕೆಂಪ ಇರಬೇಕು ತಮ್ಮಾ. ಹುಡುಗಿ ಅಜ್ಜಿ ತೊಡಿ ಮ್ಯಾಲ ಬೆಳದಾಳ. ಮತ್ತೇನೂ ಬ್ಯಾಡ ಅಂತಾಳ" ಎಂದು ಬಾಳವ್ವ ಹೇಳಿದಳು. ಟ್ರಂಕಿನಲ್ಲಿದ್ದ ತಾಯಿಯ ಹಳೆಯ ಸೀರೆ ತೆಗೆದು, ಸೆರಗಿನ ತುದಿಯಿಂದ ಒಂದು ಎಳೆ ಬಿಡಿಸಿ, ಬಣ್ಣ ಹಾಕುವವರಿಗೆ ಕೊಡು ಎಂದು ಕಾಗದದಲ್ಲಿ ಸುತ್ತಿ ಕೊಟ್ಟಳು. ಮುರಿಗೆಪ್ಪ ಎಳೆಯನ್ನು ಕಿಸೆಗೆ ಹಾಕಿದ. ಯಾವುದಕ್ಕೂ ಇರಲಿ ಎಂದು ಸೀರೆಯ ಫೋಟೋ ಕೂಡ ಹೊಡೆದುಕೊಂಡ.

ಅವನ ನೂಲಿಗೆ ಬಣ್ಣ ಹಾಕುವವನು ಈರಸಂಗಪ್ಪ. ರೇಷ್ಮೆಯನ್ನೂ ಆ ಎಳೆಯನ್ನೂ ಅವನಿಗೇ ಕೊಟ್ಟ. ಇಬ್ಬರದೂ ಮೂವತ್ತು ವರ್ಷದ ಗೆಳೆತನ. ಈರಸಂಗಪ್ಪನದೊಂದು ಪದ್ಧತಿಯಿತ್ತು. ಬಣ್ಣ ಹಾಕಿದ ನೂಲಿನ ಲಡಿಗೆ ಗಿರಾಕಿ ತಂದ ಎಳೆಯನ್ನೇ ಕಟ್ಟುವುದು, ಬೆಳಗಿನ ಬಿಸಿಲಿನಲ್ಲಿ ಹೊಸ್ತಿಲ ಮೇಲೆ ಎರಡನ್ನೂ ಹೊಂದಿಸಿ ನೋಡು ಎನ್ನುವುದು, ಆಮೇಲೆ ಕೊಡುವುದು. ಇದು ಪರರಿಗೆ. ಮುರಿಗೆಪ್ಪನಿಗಾದರೆ ಎಳೆಯೂ ಇಲ್ಲ, ಹೊಸ್ತಿಲೂ ಇಲ್ಲ. ಲಡಿಯನ್ನು ಅವನ ಹೆಗಲ ಮೇಲೆ ಎಸೆದು, ಚಹಾ ಕುಡಿದು ಹೋಗುವುದಷ್ಟೇ.

ಈ ಸಲವೂ ಹಾಗೆಯೇ ಬಂದ. "ತಗೋಲೇ ಮುರಿಗ್ಯಾ, ನಿಮ್ಮವ್ವನ ಕೆಂಪು" ಎಂದು ಲಡಿಯನ್ನು ಹೆಗಲಿಗೆ ಹಾಕಿದ.

ಮುರಿಗೆಪ್ಪ ಫೋನು ತೆಗೆದು ಲಡಿಯ ಪಕ್ಕ ಹಿಡಿದ. ಫೋಟೋದಲ್ಲಿದ್ದದ್ದು ಇಟ್ಟಿಗೆ ಬಣ್ಣ. ಲಡಿ ನೋಡಿದರೆ ದಾಳಿಂಬೆ ಕಾಳಿನ ಕೆಂಪು. ಮೊನ್ನೆಯಷ್ಟೇ ಈರಸಂಗಪ್ಪನ ಅಂಗಳದಲ್ಲಿ ಯಾರದೋ ಕೆಂಪು ನೂಲು ಒಣಗುತ್ತಿದ್ದದ್ದು ನೆನಪಾಯಿತು. ಅನುಮಾನಕ್ಕೆ ಕಾಲು ಬರಲು ಅಷ್ಟು ಸಾಕಾಯಿತು.

"ಇದು ಯಾರದೋ ಉಳದ ಬಣ್ಣದಾಗ ಅದ್ದಿದ್ದು" ಎಂದ.

ಗೆಳೆಯ ಚೇಷ್ಟೆ ಮಾಡುತ್ತಿದ್ದಾನೆಂದು ಈರಸಂಗಪ್ಪ ನಕ್ಕ. "ಹೊಸ್ತಿಲಕ್ಕ ಬಾ, ನೀ ಕೊಟ್ಟ ಎಳಿ ಇಟ್ಟು ನೋಡು."

"ಆ ಎಳಿನ ನೀ ಬದಲಿ ಮಾಡಿದ್ರ ನನಗೇನು ಗೊತ್ತು?"

ಎದುರು ಮನೆಯ ಮಗ್ಗದ ಸದ್ದು ನಿಂತಿತು. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಈರಸಂಗಪ್ಪನ ಮುಖದ ನಗು ಹೋಗಿತ್ತು.

"ನನ್ನ ಮಾತು ಬ್ಯಾಡ, ನಿನ್ನ ಕಣ್ಣನ್ನಾದ್ರೂ ನಂಬು. ನಿಮ್ಮವ್ವ ಆ ಸೀರಿ ಉಟ್ಗೊಂಡು ಇದ ಕಟ್ಟಿ ಮ್ಯಾಲ ಕುಂಡ್ರತಿದ್ಲಲ್ಲೋ."

"ಕಣ್ಣು ಮರೀತಾವ. ಫೋನು ಮರಿಯಂಗಿಲ್ಲ."

ಈರಸಂಗಪ್ಪ ಅವನ ಹೆಗಲಿಗೆ ಕೈ ಚಾಚಿದ. ಆ ಲಡಿಯನ್ನು ಎತ್ತಿಕೊಂಡ. ಬೇರೆ ರೇಷ್ಮೆ ಇಸಿದುಕೊಂಡು ಹೋಗಿ, ಮೂರನೆಯ ದಿನ ಇಟ್ಟಿಗೆ ಬಣ್ಣ ಹಾಕಿ ತಂದ. ಹೆಗಲಿಗೆ ಎಸೆಯಲಿಲ್ಲ. ಹೊಸ್ತಿಲ ಮೇಲೆ ಇಟ್ಟು, "ತಗೋರಿ ಮುರಿಗೆಪ್ಪನವರ, ನಿಮ್ಮ ಫೋಟೋದ ಬಣ್ಣ" ಎಂದ. ಚಹಾಕ್ಕೂ ನಿಲ್ಲಲಿಲ್ಲ.

ಮೂವತ್ತು ವರ್ಷದಲ್ಲಿ ಮೊದಲ ಸಲ 'ರೀ' ಎಂದಿದ್ದ. ತಪ್ಪು ಸಿಕ್ಕಿಬಿದ್ದರೆ ಎಂಥವನಿಗೂ ವಿನಯ ಬರುತ್ತದೆ ಎಂದುಕೊಂಡ ನಮ್ಮ ಮುರಿಗೆಪ್ಪ. ಜಾಣತನಕ್ಕೂ ಒಂದು ಮಿತಿ ಬೇಡವೇ?

ಸೀರೆ ನೇಯ್ದು ಗಜೇಂದ್ರಗಡಕ್ಕೆ ಒಯ್ದ. ಮದುವೆಗೆ ಇನ್ನು ಹದಿನೈದು ದಿನ. ಬಾಳವ್ವ ಹೊಸ ಸೀರೆಯನ್ನೂ ತಾಯಿಯ ಸೀರೆಯನ್ನೂ ಬಾಗಿಲ ಬಿಸಿಲಿಗೆ ಹಾಸಿದಳು. ಹಾಸಿದವಳು ಮಗಳನ್ನು ಕರೆದಳು. ಮದುಮಗಳು ಬಂದು ಎರಡೂ ಸೆರಗು ಮುಟ್ಟಿದಳು.

"ಇದು ಅಜ್ಜಿ ಕೆಂಪಲ್ಲ ಮಾಮಾ" ಎಂದಳು. ಅವಳ ಕಣ್ಣು ತುಂಬಿತ್ತು.

ಮುರಿಗೆಪ್ಪ ಗಡಿಬಿಡಿಯಿಂದ ಫೋನು ತೆಗೆದ. ಫೋಟೋದಲ್ಲಿ ತಾಯಿಯ ಸೆರಗು ಇಟ್ಟಿಗೆ ಬಣ್ಣದ್ದು. ಕಣ್ಣ ಮುಂದೆ, ಬಿಸಿಲಿನಲ್ಲಿ, ಅದೇ ಸೆರಗು ದಾಳಿಂಬೆ ಕಾಳಿನ ಕೆಂಪಗಿತ್ತು. ತಾಯಿ ಅದನ್ನುಟ್ಟು ಕಟ್ಟೆಯ ಮೇಲೆ ಕುಳಿತದ್ದು ಈಗ ನೆನಪಾಯಿತು.

"ಈ ಫೋನಿನಾಗ ಹಳದಿ ಹೊಡೀತೈತಿ ಮಾಮಾ" ಎಂದಳು ಹುಡುಗಿ. "ತಗೊಂಡವ್ರೆಲ್ಲಾ ಹೇಳ್ತಾರ. ಅದ್ರ ಗುಣ ತಿಳ್ಕೊಂಡು, ಬಣ್ಣದ ಮಾತು ಬಂದಾಗ ಅದನ್ನ ಕೇಳಂಗಿಲ್ಲ. ಕೆನ್ನಿ ತಾಗಿದ್ರ ಕಟ್ ಆಗ್ತೈತಿ ಅಂತ ದೂರ ಹಿಡ್ದು ಮಾತಾಡ್ತಾರ."

"ಅಂದ್ರ ನೀ ಸಿಟ್ಟಿಲೆ ಕಟ್ ಮಾಡ್ತಿದ್ದಿಲ್ಲೇನು?" ಎಂದಳು ಬಾಳವ್ವ. "ತಮ್ಮನ ಮನಸಿನಾಗ ಏನೋ ಐತಿ ಅಂತ ನಾ ಇಷ್ಟು ದಿನ ಸಂಕಟ ಪಟ್ಟೆ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಗಾದೆ. ಇಲ್ಲಿ ಕಾಮಾಲೆ ಬಂದದ್ದು ಫೋನಿಗೆ, ಮದ್ದು ಕುಡಿಸಿದ್ದು ಮಂದಿಗೆ.

ಮುರಿಗೆಪ್ಪ ಬಸ್ಸಿಳಿದವನೇ ಈರಸಂಗಪ್ಪನ ಮನೆಗೆ ಹೋದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ತಪ್ಪಾತೋ ಈರ್ಯಾ. ಫೋನಿಂದ ತಪ್ಪು, ನಿನ್ನ ಮ್ಯಾಲ ಹಾಕಿದೆ."

ಈರಸಂಗಪ್ಪ ಒಳಗೆ ಹೋಗಿ ಮೊದಲಿನ ಕೆಂಪು ಲಡಿ ತಂದ. ಮಾಸದಂತೆ ಕಾಗದದಲ್ಲಿ ಸುತ್ತಿಟ್ಟಿದ್ದ. "ನಿಮ್ಮ ರೇಷ್ಮಿ. ನಮ್ಮಲ್ಲಿ ಯಾಕ ಇರಬೇಕು?" ಎಂದು, ತಾಯಿಯ ಸೀರೆಯ ಎಳೆಯನ್ನು ಲಡಿಗೆ ಕಟ್ಟಿದ. "ಹೊಸ್ತಿಲಕ್ಕ ಬರ್ರಿ, ಹೊಂದಿಸಿ ನೋಡಿ ಒಯ್ರಿ."

"ನೋಡೂದು ಬ್ಯಾಡೋ. ನನಗ ನಂಬಿಕಿ ಐತಿ."

"ನೋಡಬೇಕ್ರಿ. ಎಲ್ಲಾರಿಗೂ ಅದ ಪದ್ಧತಿ."

ಮುರಿಗೆಪ್ಪ ಹೊಸ್ತಿಲ ಮೇಲೆ ನಿಂತು ನೋಡಿದ. ಲಡಿ ಯಾವುದು, ಎಳೆ ಯಾವುದು ಎಂದು ತಿಳಿಯಲಿಲ್ಲ. ಅಷ್ಟು ಹೊಂದಿತ್ತು.

ಹಗಲಿರುಳು ಮಗ್ಗದಲ್ಲಿ ಕುಳಿತು ಸೀರೆ ಮುಗಿಸಿದ. ಹುಡುಗಿ ಅಜ್ಜಿಯ ಕೆಂಪು ಸೆರಗು ಹೊದ್ದು ಹಸೆಮಣೆ ಏರಿದಳು.

ಮೂರು ತಿಂಗಳಿಗೆ ಫೋನಿಗೆ ಅಪ್‌ಡೇಟ್ ಬಂತು. ಹಳದಿ ಹೋಯಿತು, ಕೆನ್ನೆ ತಾಗಿದರೂ ಕರೆ ಕಟ್ಟಾಗುವುದು ನಿಂತಿತು. ಈಗ ಅದು ಒಳ್ಳೆಯ ಫೋನು. ಈರಸಂಗಪ್ಪ ಮಾತ್ರ ಇಂದಿಗೂ ಮುರಿಗೆಪ್ಪನ ಲಡಿಗೆ ಎಳೆ ಕಟ್ಟಿಯೇ ಕೊಡುತ್ತಾನೆ. "ಹೊಸ್ತಿಲಕ್ಕ ಬರ್ರಿ ಮುರಿಗೆಪ್ಪನವರ" ಎನ್ನುತ್ತಾನೆ. ಮುರಿಗ್ಯಾ ಎಂದು ಕರೆಯುವವರು ಓಣಿಯಲ್ಲಿ ಈಗ ಯಾರೂ ಇಲ್ಲ.

ನೀತಿ: ಹೊಸ ವಸ್ತುವಿನಲ್ಲಿ ದೋಷ ಇದ್ದೇ ಇರುತ್ತದೆ. ಒಪ್ಪಿಕೊಂಡರೆ ಅದರೊಡನೆ ಬಾಳಬಹುದು, ಒಪ್ಪದಿದ್ದರೆ ಆ ದೋಷ ಮನುಷ್ಯರ ತಲೆಗೆ ಬೀಳುತ್ತದೆ. ಎದುರಿಗಿರುವವನನ್ನು ಅನುಮಾನಿಸುವ ಮೊದಲು ಕೈಯಲ್ಲಿರುವುದನ್ನು ಅನುಮಾನಿಸು. ವಸ್ತು ಕೆಟ್ಟರೆ ಇಂದಲ್ಲ ನಾಳೆ ಸರಿಹೋದೀತು, ನಂಬಿಕೆ ಹಾಗಲ್ಲ.